ಗೃಹಜ್ಯೋತಿ ಸಾಕೋ, ಚಾವಣಿ ಮೇಲೆ ಸೋಲಾರ್ ಬೇಕೋ?

ಮೈಸೂರಿನಲ್ಲಿ ಸ್ವಂತ ಮನೆ ಇದೆ, ಬಿಲ್ ಸೊನ್ನೆ ಬರುತ್ತಿದೆ. ಮತ್ತೆ ಸೋಲಾರ್ ಯಾಕೆ, ಅಲ್ವಾ?

2023ರ ಗೃಹಜ್ಯೋತಿ, ಅಂದರೆ ರಾಜ್ಯದ ಉಚಿತ ವಿದ್ಯುತ್ ಯೋಜನೆಯಲ್ಲಿ ನೀವು ಕೈಯಿಂದ ಏನೂ ಹಾಕಬೇಕಿಲ್ಲ. ನಿಮ್ಮ ಹಳೆಯ ತಿಂಗಳ ಸರಾಸರಿ ಬಳಕೆಗಿಂತ ತುಸು ಜಾಸ್ತಿ ಯೂನಿಟ್ ಉಚಿತ. ಆದರೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಉಚಿತ ಯೂನಿಟ್‌ಗಳ ಹಣವನ್ನು ರಾಜ್ಯ ಸರ್ಕಾರ ಇಲ್ಲಿನ ವಿದ್ಯುತ್ ಕಂಪನಿ ಚೆಸ್ಕಾಂಗೆ ತುಂಬಿಕೊಡುತ್ತದೆ. ಅಂದರೆ ಯೋಜನೆ ಬಜೆಟ್ಟಿನ ಮೇಲೆ ನಿಂತಿದೆ.

ಸೋಲಾರ್‌ಗೆ ಮೊದಲೇ ದೊಡ್ಡ ಮೊತ್ತ ಬೇಕು. ಕೇಂದ್ರದ ಸೂರ್ಯಘರ್ ಯೋಜನೆ 2024ರಲ್ಲಿ ಬಂದಾಗ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಘೋಷಿಸಿತು. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಪ್ಯಾನೆಲ್ 25 ವರ್ಷ ಬಾಳುತ್ತದೆ. ಒಂದು ಮಾತು ನೆನಪಿಡಿ: ಬ್ಯಾಟರಿ ಇಲ್ಲದಿದ್ದರೆ, ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ.

ತಿಂಗಳ ಬಳಕೆ 100 ಯೂನಿಟ್ ಒಳಗಿದ್ದರೆ ಗೃಹಜ್ಯೋತಿಯಲ್ಲೇ ಇರಿ. ಸುಮ್ನೆ ಸಾಲ ಮಾಡಬೇಡಿ. ಎಸಿ, ಎಲೆಕ್ಟ್ರಿಕ್ ಸ್ಕೂಟರ್ ಬಂದು ಮೀಟರ್ 200 ದಾಟುವ ಮನೆಗೆ ಸೋಲಾರೇ ಸರಿ ಅನ್ನುತ್ತೇನೆ. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟ್ ಮಾಡಿದ ಸೀಮೆ ನಮ್ಮದು. ಬಿಸಿಲನ್ನು ಯಾಕೆ ಬಿಡಬೇಕು? ಹಾಕಿಸುವ ಮೊದಲು ಪಕ್ಕದ ತೆಂಗಿನಮರದ ನೆರಳು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ.