ಜೈಲಿನಿಂದ ಅಪೀಲು: ಉಚಿತ ವಕೀಲರು ಹೇಗಿದ್ದಾರೆ?

ಸೇವೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಕ್ರಿಮಿನಲ್ ಅಪೀಲು. ವಕೀಲರ ಫೀಸು ಸೊನ್ನೆ. ನನ್ನ ಲೆಕ್ಕದಲ್ಲಿ 5ಕ್ಕೆ 4.

ನನ್ನ ತಮ್ಮ ಒಳಗೆ ಹೋಗಿದ್ದು ಊರಿನ ಒಂದು ಗಲಾಟೆ ಕೇಸಿನಲ್ಲಿ. ಅದು ಖುಲಾಸೆ ಆಯ್ತು. ಶಿಕ್ಷೆ ಆಗಿದ್ದು ಬ್ಯಾರಕ್ಕಿನಲ್ಲಿ ನಡೆದ ಹೊಡೆದಾಟಕ್ಕೆ, ಅವತ್ತೇ ತಪಾಸಣೆಯಲ್ಲಿ ಸಿಕ್ಕ ಮೊಬೈಲಿಗೆ.

ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ತೀರ್ಪಿನ ಒಂದು ನಕಲೂ ಫ್ರೀ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಗೆ ಸೆಷನ್ಸ್ ಕೋರ್ಟಿನಲ್ಲಿ 30 ದಿನದೊಳಗೆ ಅಪೀಲು ಹಾಕಬೇಕು. ಹೈಕೋರ್ಟಿಗಾದರೆ 60.

ವಕೀಲರು ಒಬ್ಬರು ಮೇಡಂ. ಫೈಲು ತೆಗೆದವರೇ ಮೊದಲು ಓದಿದ್ದು ಜಪ್ತಿ ಮಹಜರು, ಅಂದ್ರೆ ಮೊಬೈಲು ಎಲ್ಲಿ, ಹೇಗೆ ಸಿಕ್ತು ಅಂತ ಬರೆದ ದಾಖಲೆ. 'ಕಿಟಕಿ ಪಕ್ಕದ ಗೋಡೆ ಸಂದಿಯಲ್ಲಿ' ಅನ್ನೋ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು. "ಇದು ನಿಮ್ಮ ತಮ್ಮನ ಜೇಬಲ್ಲಿ ಸಿಕ್ಕಿದ್ದಲ್ಲ. ಆ ಬ್ಯಾರಕ್ಕಿನಲ್ಲಿ ಅವನೊಬ್ಬನೇ ಇದ್ದನಾ?" ಅಂದರು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಿಬ್ಬರೂ ಜೈಲು ಸಿಬ್ಬಂದಿ. ಸಿಮ್ ಯಾರ ಹೆಸರಲ್ಲಿತ್ತು ಅಂತ ಯಾರೂ ತೆಗೆಸಿರಲಿಲ್ಲ.

ಹೊಡೆದಾಟದ ವಿಷಯದಲ್ಲಿ ಮಾತ್ರ ಸುಮ್ನೆ ಆಸೆ ಹುಟ್ಟಿಸಲಿಲ್ಲ. "ಪೆಟ್ಟು ತಿಂದವನೇ ಸಾಕ್ಷಿ ಹೇಳಿದ್ದಾನೆ, ವೂಂಡ್ ಸರ್ಟಿಫಿಕೇಟೂ ಇದೆ. ಶಿಕ್ಷೆ ಕಡಿಮೆ ಮಾಡಿ ಅಂತ ಕೇಳೋಣ. ಎರಡೂ ಶಿಕ್ಷೆ ಒಟ್ಟಿಗೆ ನಡೀಲಿ ಅಂತಾನೂ ಕೇಳೋಣ." ದುಡ್ಡು ಕೊಟ್ಟು ಇಟ್ಟಿದ್ದ ಹಿಂದಿನ ವಕೀಲರು 'ಎಲ್ಲಾ ಹೊಡೆದು ಹಾಕಿಸ್ತೀನಿ' ಅಂದಿದ್ದರು. ಅದಕ್ಕಿಂತ ಇದೇ ವಾಸಿ ಅಲ್ವಾ?

1 ಅಂಕ ಕಡಿಮೆ ಯಾಕೆ ಅಂದ್ರೆ, ಕಾಗದ ಪತ್ರದ ಅಲೆದಾಟ ಪೂರ್ತಿ ನಮ್ಮ ತಲೆ ಮೇಲೆ. ಸಾಕ್ಷಿಗಳ ಹೇಳಿಕೆ ನಕಲು ಕೇಳಿದಾಗಲೆಲ್ಲ 'ನಾಳೆ ಬನ್ನಿ'. ತಮ್ಮನ ಸಹಿ ಹಾಕಿದ ವಕಾಲತ್ತು ಜೈಲಿನಿಂದ ಹೊರಗೆ ಬರೋಕೂ ತಡ. ಇನ್ನೊಂದು ವಿಷಯ: ಅಪೀಲು ಅಂದ್ರೆ ಮತ್ತೆ ಮೊದಲಿನಿಂದ ವಿಚಾರಣೆ ಅಲ್ಲ. ಕೆಳಗಿನ ಕೋರ್ಟಿನ ದಾಖಲೆ ಮೇಲೆಯೇ ಹೆಚ್ಚಾಗಿ ವಾದ. ನಮ್ಮಮ್ಮ ಹೊಸ ಸಾಕ್ಷಿ ಅಂತ ಪಕ್ಕದ ಮನೆಯವರನ್ನು ಹೊರಡಿಸಿಬಿಟ್ಟಿದ್ದರು!

ಈಗ ಶಿಕ್ಷೆ ಅಮಾನತಾಗಿದೆ, ತಮ್ಮ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಶ್ಯೂರಿಟಿಗೆ ಚಿಕ್ಕಪ್ಪ ಪಹಣಿ ಕೊಟ್ಟರು. ಆದರೆ ಇದು ಖುಲಾಸೆ ಅಲ್ಲ, ಅಪೀಲು ಇನ್ನೂ ಬಾಕಿ ಇದೆ. ಪ್ರತಿ ವಾಯ್ದೆಗೂ ಮೇಡಂ ಹಿಂದಿನ ದಿನವೇ ಫೋನ್ ಮಾಡ್ತಾರೆ. ನಿಮ್ಮವರು ಯಾರಾದರೂ ಒಳಗಿದ್ದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಕರೆ ಮಾಡಿ. ತೀರ್ಪಿನ ತಾರೀಖು ಕೈಯಲ್ಲಿ ಇಟ್ಟುಕೊಂಡೇ ಮಾಡಿ, ಮೊದಲು ಬೇಕಾಗೋದೇ ಅದು.