ಎರಡನೇ ಡಿಸ್ಕಿನಲ್ಲಿ ಮೂರು ವಿಕಿ ಹಾಕಿ ನೋಡಿದ್ದು

ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಮನೆ ಸರ್ವರ್ ಮಾಡಿಕೊಂಡಿದ್ದೇನೆ. ಅದರ 120 ಜಿಬಿ ಎಸ್‌ಎಸ್‌ಡಿ ಆಗಲೇ ತುಂಬಿತ್ತು. ಹಾಗಾಗಿ ಮನೆಯ ವಿಕಿ, ಅಂದರೆ ಅಮ್ಮನ ಅಡುಗೆ ಟಿಪ್ಪಣಿ, ಪಂಪ್ ರಿಪೇರಿ ಲೆಕ್ಕ, ವಾರಂಟಿ ಬಿಲ್ಲು ಎಲ್ಲ, ಯುಎಸ್‌ಬಿಯ 1 ಟಿಬಿ ಡಿಸ್ಕಿಗೆ ಹೋಗಬೇಕಿತ್ತು. ವಿಕಿ.ಜೆಎಸ್, ಮೀಡಿಯಾವಿಕಿ, ಡೋಕುವಿಕಿ ಅನ್ನುವ ಮೂರು ವಿಕಿ ಸಾಫ್ಟ್‌ವೇರ್‌ಗಳನ್ನೂ ಹಾಕಿ ನೋಡಿದೆ. ಮೂರೂ ಒಂದಲ್ಲ ಒಂದು ಕಡೆ ಕೈಕೊಟ್ಟವು. ತಪ್ಪು ಹೆಚ್ಚಾಗಿ ನನ್ನದೇ. ಆದರೆ ಏನು ಕೆಟ್ಟಿದೆ ಅಂತ ಯಾವುದು ನೆಟ್ಟಗೆ ಹೇಳುತ್ತದೆ ಅನ್ನೋದರಲ್ಲಿ ಮಾತ್ರ ಭಾರಿ ವ್ಯತ್ಯಾಸ.

ನೋಡೋಕೆ ಚೆಂದ ವಿಕಿ.ಜೆಎಸ್. ಡಾಕರ್‌ನಲ್ಲಿ (ಪ್ರೋಗ್ರಾಮುಗಳನ್ನು ಬೇರೆಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಶುರು ಮಾಡಿದೆ. ಡೇಟಾಬೇಸ್ ಏಳುವುದು, ಬೀಳುವುದು, ಮತ್ತೆ ಏಳುವುದು. ಲಾಗ್ ತೆಗೆದರೆ ಫೋಲ್ಡರಿನ ಪರ್ಮಿಶನ್ ಬದಲಿಸಲು ಆಗುತ್ತಿಲ್ಲ ಅಂತ ಒಂದೇ ಸಾಲು. ಡೇಟಾ ಫೋಲ್ಡರ್ ತನ್ನ ಯೂಸರ್‌ಗೇ ಸೇರಿರಬೇಕು, ಪರ್ಮಿಶನ್ 0700 ಅಥವಾ 0750 (ಅಂದರೆ ಹೊರಗಿನವರಿಗೆ ಬಾಗಿಲು ಬಂದ್) ಇರಬೇಕು ಅಂತ ಪೋಸ್ಟ್‌ಗ್ರೆಸ್ ಹಟ ಹಿಡಿಯುತ್ತದೆ. ನನ್ನದು ವಿಂಡೋಸ್ ಕಾಲದ ಎನ್‌ಟಿಎಫ್‌ಎಸ್ ಡಿಸ್ಕು, ನಾನು ಮೌಂಟ್ ಮಾಡಿದ್ದ (ಸಿಸ್ಟಮ್‌ಗೆ ಜೋಡಿಸಿದ್ದ) ರೀತಿಯಲ್ಲಿ ಅದು ಇಂಥ ಮಾತು ಕೇಳುವುದೇ ಇಲ್ಲ. ಫೈಲುಗಳನ್ನು ಬೇರೆ ಕಡೆ ಇಟ್ಟು ಲಿನಕ್ಸಿನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಸರಿಹೋಯಿತು.

ಮೀಡಿಯಾವಿಕಿ, ಗೊತ್ತಲ್ಲ, ವಿಕಿಪೀಡಿಯ ಓಡುವುದೇ ಇದರ ಮೇಲೆ. ಡೇಟಾಬೇಸ್ ಸರ್ವರ್ ಯಾಕೆ ಅಂತ, ಸಾದಾ ಫೈಲಿನಲ್ಲೇ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಆರಿಸಿದೆ. ಡೇಟಾ ಫೋಲ್ಡರಿಗೆ ಬರೆಯಲು ಆಗುತ್ತಿಲ್ಲ ಅಂದಿತು. 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಶನ್ ಕೊಟ್ಟೆ (ಬೈಯಬೇಡಿ), ಆದರೂ ಅದೇ ರಾಗ. ಅರ್ಧ ದಿನ ಹೋಯಿತು. ಆಮೇಲೆ ಟರ್ಮಿನಲ್‌ನಲ್ಲಿ, ದಾರಿಯ ಒಂದೊಂದು ಫೋಲ್ಡರಿನ ಪರ್ಮಿಶನ್ ತೋರಿಸುವ ನೇಮ್‌ಐ ಕಮಾಂಡಿಗೆ ಪೂರ್ತಿ ದಾರಿ ಕೊಟ್ಟು ನೋಡಿದಾಗ ಗೊತ್ತಾಯಿತು: ಡೆಸ್ಕ್‌ಟಾಪ್ ತಾನೇ ಮೌಂಟ್ ಮಾಡಿದ ಡಿಸ್ಕು ನನ್ನ ಹೆಸರಿನ ಫೋಲ್ಡರಿನ ಒಳಗಿದೆ, ಅದರೊಳಗೆ ವೆಬ್ ಸರ್ವರಿನ ಯೂಸರ್‌ಗೆ ಕಾಲಿಡಲೂ ಬಿಡುವುದಿಲ್ಲ. ಹೊಸಿಲಲ್ಲೇ ಬೀಗ ಇದ್ದರೆ ಒಳಕೋಣೆ ಬಾಗಿಲು ತೆರೆದಿಟ್ಟು ಏನು ಪ್ರಯೋಜನ? ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ) ಡಿಸ್ಕಿನ ಗುರುತಾದ ಯುಯುಐಡಿ ಬರೆದು ಅದನ್ನು ಎಸ್‌ಆರ್‌ವಿ ಫೋಲ್ಡರಿನ ಕೆಳಗೆ ಮೌಂಟ್ ಮಾಡಿದೆ. ಡಿಸ್ಕ್ ಸಿಗದಿದ್ದರೂ ಬೂಟ್ ಆಗಲಿ ಅಂತ ನೋಫೇಲ್ ಕೂಡ ಸೇರಿಸಿದೆ.

ಆ ನೋಫೇಲ್ ನಾನೇ ತಂದುಕೊಂಡ ತಲೆನೋವು. ಒಂದು ಸಂಜೆ ಕರೆಂಟ್ ಹೋಗಿ ಬಂತು, ಡಿಸ್ಕು ಮೌಂಟ್ ಆಗಲಿಲ್ಲ. ಡಾಕರ್ ತೆಪ್ಪಗೆ ಎಸ್‌ಎಸ್‌ಡಿಯಲ್ಲೇ ಖಾಲಿ ಫೋಲ್ಡರ್ ಮಾಡಿಕೊಂಡಿತು. ವಿಕಿ.ಜೆಎಸ್ ನಗುನಗುತ್ತಾ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅಂದಿತು. ಎಲ್ಲ ಅಳಿಸಿಹೋಯಿತು ಅಂತ ಎದೆ ಧಸಕ್ ಅಂತು! ಡೇಟಾ ಡಿಸ್ಕಿನಲ್ಲಿ ಹಾಗೇ ಇತ್ತು ಬಿಡಿ. ಈಗ ಡಿಸ್ಕ್ ಮೌಂಟ್ ಆಗದೆ ಡಾಕರ್ ಏಳದಂತೆ, ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿಯಲ್ಲಿ ಒಂದು ಸಾಲು ಹಾಕಿದ್ದೇನೆ.

ಡೋಕುವಿಕಿಗೂ ಬೇಕಂತಲೇ ಡಿಸ್ಕು ಕಿತ್ತು ನೋಡಿದೆ. ಇಂಥ ಜಾಗದ ಫೋಲ್ಡರ್ ಸಿಗುತ್ತಿಲ್ಲ, ಅಥವಾ ಬರೆಯಲು ಆಗುತ್ತಿಲ್ಲ ಅಂತ ಪೂರ್ತಿ ದಾರಿ ಸಮೇತ ಬ್ರೌಸರಿನಲ್ಲೇ ಹೇಳಿ ನಿಂತಿತು. ನನಗೆ ಬೇಕಿದ್ದದ್ದು ಇದೇ. ಡೇಟಾಬೇಸ್ ಇಲ್ಲ, ಪುಟಗಳೆಲ್ಲ ಸಾದಾ ಟೆಕ್ಸ್ಟ್ ಫೈಲು. ಸೇವ್‌ಡಿರ್ ಅನ್ನುವ ಒಂದು ಸೆಟ್ಟಿಂಗ್ ಬದಲಿಸಿದರೆ ಡೇಟಾ ಡಿಸ್ಕಿಗೆ, ಪ್ರೋಗ್ರಾಮ್ ಎಸ್‌ಎಸ್‌ಡಿಯಲ್ಲೇ. ಟೇಬಲ್ ಬರೆಯೋದು, ಫೋಟೋ ಹಾಕೋದು ಮೀಡಿಯಾವಿಕಿಯಷ್ಟು ಚೆನ್ನಾಗಿಲ್ಲ ಅನ್ನೋದು ನಿಜ. ಆದರೂ ಮನೆಯಲ್ಲಿ ಉಳಿದದ್ದು ಇದೇ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲೂ ಒಂದು ಗುಂಡಿ ಇದೆ. "ಬಿಸಿಬೇಳೆಬಾತ್ ಪುಡಿ ಮಾಡುವ ಸರಿಯಾದ ವಿಧಾನ" ಅನ್ನುವ ಅಮ್ಮನ ಪುಟ ಸೇವ್ ಆಗಲೇ ಇಲ್ಲ. ನಾವು ಏನೂ ಬದಲಿಸದಿದ್ದರೆ ಡೋಕುವಿಕಿ ಫೈಲ್ ಹೆಸರನ್ನು ಯುಆರ್‌ಎಲ್ ರೂಪದಲ್ಲಿ (% ಗುರುತಿನ ಸಂಕೇತಗಳಲ್ಲಿ) ಬರೆಯುತ್ತದೆ. ಆಗ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 9 ಬೈಟ್ ಬೇಕು. ಇಎಕ್ಸ್‌ಟಿ4ನಲ್ಲಿ ಹೆಸರಿಗೆ ಇರುವುದೇ 255 ಬೈಟ್. ಎಫ್‌ಎನ್‌ಎನ್‌ಕೋಡ್ ಸೆಟ್ಟಿಂಗನ್ನು ಯುಟಿಎಫ್-8 ಮಾಡಿದರೆ 9 ಹೋಗಿ 3 ಆಗುತ್ತದೆ. ಇದನ್ನು ಪುಟ ಬರೆಯುವ ಮೊದಲೇ ಮಾಡಿ. ನಾನು ನಲವತ್ತು ಪುಟ ಆದಮೇಲೆ ಮಾಡಿದೆ, ಹಳೆಯ ಕನ್ನಡ ಹೆಸರಿನ ಒಂದು ಪುಟವೂ ಕಾಣಲಿಲ್ಲ, ಒಂದೊಂದೇ ಫೈಲಿನ ಹೆಸರು ಬದಲಿಸುತ್ತಾ ಭಾನುವಾರ ಕಳೆಯಿತು.