ಸರ್ವೆ ಶೀಟಿನ ಅಂಕಿ ಕೈ ಜಿಪಿಎಸ್‌ಗೆ: ಯಾವ ದಾರಿ ಯಾವಾಗ ಸರಿ?

ಕಬ್ಬಿನ ಹೊಲದಲ್ಲಿ ಬಾಂದಾ ಕಲ್ಲು (ಹದ್ದಿನ ಕಲ್ಲು) ಹುಡುಕುವುದು ಸುಲಭದ ಕೆಲಸ ಅಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಕಲ್ಲು ವಾಲುತ್ತದೆ. ಉಳಿದದ್ದನ್ನು ರೋಟಾವೇಟರ್ ನೋಡಿಕೊಳ್ಳುತ್ತದೆ. ಹೀಗಾಗಿ ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ಸರ್ವೆ ಶೀಟ್ ಹಿಡಿದುಕೊಂಡು ಬಂದು "ಇದನ್ನ ಜಿಪಿಎಸ್‌ನ್ಯಾಗ ಹಾಕಿ ಕಲ್ಲು ಎಲ್ಲಿ ಐತಿ ತೋರಸ್ರಿ" ಅನ್ನುವವರು ಜಾಸ್ತಿ ಆಗಿದ್ದಾರೆ. ಡ್ರಿಪ್ ಲೈನ್ ಕೆಲಸಕ್ಕೆಂದು ನಾನು ಗಾರ್ಮಿನ್ ಇಟ್ರೆಕ್ಸ್ ಅನ್ನುವ ಒಂದು ಕೈ ಜಿಪಿಎಸ್ ಇಟ್ಟುಕೊಂಡಿದ್ದೇನೆ. ಆ ನೆಪದಲ್ಲಿ ಅಂಕಿ ಬದಲಾಯಿಸುವ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ.

ದಾರಿ ಆರಿಸುವ ಮೊದಲು ಶೀಟಿನಲ್ಲಿರುವ ಅಂಕಿ ಯಾವ ಜಾತಿಯದು ಅಂತ ನೋಡಬೇಕು. ನಮ್ಮ ಕೈಗೆ ಬರುವುದು ಹೆಚ್ಚಾಗಿ ನಾಲ್ಕು ಥರ. ಡಿಜಿಪಿಎಸ್ ಅಥವಾ ರೋವರ್ (ಹೆಚ್ಚು ನಿಖರವಾದ ಸರ್ವೆ ಜಿಪಿಎಸ್) ಹಿಡಿದು ಅಳೆದವರು ಯುಟಿಎಂ ಅಂಕಿ, ಅಂದರೆ ಭೂಮಿಯನ್ನು ಝೋನ್ ಅನ್ನುವ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಜಾಗ ಹೇಳುವ ಅಂಕಿ, ಕೊಡುತ್ತಾರೆ. ಟೋಟಲ್ ಸ್ಟೇಷನ್‌ನವರು (ಕೋನ, ದೂರ ಅಳೆಯುವ ಯಂತ್ರದವರು) ಒಂದು ಮೂಲೆಗೆ 1000, 1000 ಅಂತ ಇಟ್ಟು ಶುರು ಮಾಡಿದ ಲೋಕಲ್ ಅಂಕಿ ಕೊಡುತ್ತಾರೆ. ಕೆಲವರು ಹಳೆಯ ಟೋಪೋ ಶೀಟಿನಿಂದ ಅಕ್ಷಾಂಶ, ರೇಖಾಂಶ ಓದಿ ಬರೆದುಕೊಂಡು ಬರುತ್ತಾರೆ. ಕೊನೆಯದು ಟಿಪ್ಪಣಿಯ (ಹೊಲದ ಹಳೆಯ ಅಳತೆ ದಾಖಲೆಯ) ಸರಪಳಿ, ಆಣೆ ಲೆಕ್ಕ. ಈ ನಾಲ್ಕಕ್ಕೂ ಒಂದೇ ಮದ್ದು ಇಲ್ಲ.

ಯುಟಿಎಂ ಗುರುತಿಸುವುದು ಸುಲಭ. ಈಸ್ಟಿಂಗ್ (ಪೂರ್ವ ದಿಕ್ಕಿನ ಅಂಕಿ) ಆರು ಅಂಕಿ, ನಾರ್ದಿಂಗ್ (ಉತ್ತರ ದಿಕ್ಕಿನ ಅಂಕಿ) ಏಳು ಅಂಕಿ, ಎರಡೂ ಮೀಟರಿನಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ 43ನೇ ಝೋನ್. ಅದು 72ರಿಂದ 78 ಡಿಗ್ರಿ ರೇಖಾಂಶದವರೆಗಿನ ಪಟ್ಟಿ. ಅದರ ನಡುಗೆರೆ 75 ಡಿಗ್ರಿ. ಅಥಣಿಗೆ ತೀರಾ ಹತ್ತಿರ ಹಾದುಹೋಗುತ್ತದೆ. ಆ ಗೆರೆಗೆ 5,00,000 ಅಂತ ಬೆಲೆ ಕೊಟ್ಟಿದ್ದಾರೆ. ಹಾಗಾಗಿ ಗೆರೆಯ ಪಶ್ಚಿಮಕ್ಕಿರುವ ಬೆಳಗಾವಿ ಊರಿನ ಈಸ್ಟಿಂಗ್ ನಾಲ್ಕೂವರೆ ಲಕ್ಷದ ಹತ್ತಿರ ಬರುತ್ತದೆ. ಬಾಗಲಕೋಟೆ, ವಿಜಯಪುರ ಊರುಗಳದು ಐದೂಮುಕ್ಕಾಲು ಲಕ್ಷದ ಆಸುಪಾಸು. ಬಾಗಲಕೋಟೆ ಪಕ್ಕದ ಹೊಲ ಅಂತ ಕೊಟ್ಟ ಶೀಟಿನಲ್ಲಿ ಈಸ್ಟಿಂಗ್ ನಾಲ್ಕು ಲಕ್ಷದಲ್ಲಿದ್ದರೆ ಅಲ್ಲೇ ನಿಲ್ಲಿಸಿ, ಅಳೆದವರಿಗೆ ಫೋನ್ ಮಾಡಿ.

ಇಂಥ ಅಂಕಿಗೆ ನನ್ನ ಮೊದಲ ಆಯ್ಕೆ ಜಿಪಿಎಸ್‌ನ ಸೆಟ್ಟಿಂಗ್ಸೇ. ಪೊಸಿಷನ್ ಫಾರ್ಮ್ಯಾಟ್‌ಗೆ ಹೋಗಿ ಯುಟಿಎಂ ಆರಿಸಿ, ಡೇಟಮ್ (ಅಕ್ಷಾಂಶ, ರೇಖಾಂಶ ಎಣಿಸಲು ಹಿಡಿದ ಭೂಗೋಳದ ಅಳತೆ ಮತ್ತು ಆಧಾರ) ಡಬ್ಲ್ಯುಜಿಎಸ್ 84 ಇಡಿ. ಆಮೇಲೆ ಶೀಟಿನ ಅಂಕಿಯನ್ನು ಇದ್ದಂತೆಯೇ ವೇಪಾಯಿಂಟ್ (ಗುರುತಿನ ಬಿಂದು) ಆಗಿ ಹಾಕಿ. ಪರಿವರ್ತನೆ ಅಂತ ನೀವು ಏನೂ ಮಾಡಬೇಕಾಗಿಲ್ಲ. ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ನಮ್ಮ ಭಾಗದವರು ಗಮನಿಸಬೇಕಾದ ಒಂದು ತಮಾಷೆ ಇದೆ. ಝೋನ್ ನಂಬರಿನ ಪಕ್ಕ ಒಂದು ಅಕ್ಷರ ಇರುತ್ತದೆ. 16 ಡಿಗ್ರಿ ಅಕ್ಷಾಂಶದ ಕೆಳಗೆ ಪಿ, ಮೇಲೆ ಕ್ಯೂ. ಬಾದಾಮಿ, ಬೆಳಗಾವಿ ಊರುಗಳು 43 ಪಿ. ಬಾಗಲಕೋಟೆ, ವಿಜಯಪುರ 43 ಕ್ಯೂ. ಒಂದೇ ಜಿಲ್ಲೆಯಲ್ಲಿ ಎರಡು ಅಕ್ಷರ ಕಂಡರೆ ಗಾಬರಿ ಬೇಡ. ಶೀಟಿನ ಮೇಲೆ 43 ಎನ್ ಅಂತ ಬರೆದಿದ್ದರೆ ಆ ಎನ್ ಎಂದರೆ ಉತ್ತರ ಗೋಳಾರ್ಧ, ಪಿ-ಕ್ಯೂ ಸಾಲಿನ ಅಕ್ಷರ ಅಲ್ಲ.

ನಾಲ್ಕೈದು ಕಲ್ಲು ಹುಡುಕಬೇಕಾದರೆ ಇದನ್ನು ಮೀರಿಸುವ ದಾರಿ ಇಲ್ಲ. ಆದರೆ ಇಟ್ರೆಕ್ಸ್‌ನ ಆ ಪುಟ್ಟ ಗುಂಡಿಯನ್ನು ಒತ್ತಿ ಒತ್ತಿ ಹದಿಮೂರು ಅಂಕಿ ಹಾಕುವುದು ಹೆಬ್ಬೆರಳಿಗೆ ಶಿಕ್ಷೆ. ಮೂಲೆಗಳು ಜಾಸ್ತಿ ಆದಷ್ಟೂ 3ರ ಜಾಗದಲ್ಲಿ 8 ಬೀಳುವ ಸಾಧ್ಯತೆಯೂ ಜಾಸ್ತಿ.

ಎರಡನೆಯದು ವೆಬ್‌ಸೈಟ್ ಮತ್ತು ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ ಕನ್ವರ್ಟರ್. ಯುಟಿಎಂ ಹಾಕಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಹೊಲದ ಬದುವಿನ ಮೇಲೆ ನಿಂತೇ ಮಾಡಬಹುದು, ಸಿಗ್ನಲ್ ಇದ್ದರೆ. ಲೆಕ್ಕದಲ್ಲಿ ತಕರಾರಿಲ್ಲ. ಎಡವಟ್ಟಾಗುವುದು ಅಲ್ಲಿಂದ ಜಿಪಿಎಸ್‌ಗೆ ನಕಲು ಮಾಡುವಾಗ. ಕನ್ವರ್ಟರ್ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಜಿಪಿಎಸ್ ಡಿಗ್ರಿ ಮತ್ತು ದಶಮಾಂಶ ನಿಮಿಷ ಕೇಳುತ್ತಿರುತ್ತದೆ. 16 ಡಿಗ್ರಿ 10 ನಿಮಿಷ 30 ಸೆಕೆಂಡನ್ನು 16 ಡಿಗ್ರಿ 10.30 ಅಂತ ಒತ್ತಿದರೆ ಆಯಿತು ಕಥೆ. 30 ಸೆಕೆಂಡ್ ಎಂದರೆ ಅರ್ಧ ನಿಮಿಷ, ಅಂದರೆ 10.50 ಆಗಬೇಕಿತ್ತು. ಈ 12 ಸೆಕೆಂಡಿನ ವ್ಯತ್ಯಾಸ ನೆಲದ ಮೇಲೆ ಸುಮಾರು 370 ಮೀಟರ್. ಯಾರದೋ ಹೊಲದಲ್ಲಿ ನಿಂತು ಅವರ ಕಲ್ಲು ಹುಡುಕುತ್ತಿರುತ್ತೀರಿ.

ಇನ್ನೊಂದು, ದಶಮಾಂಶ ಡಿಗ್ರಿ ಬಳಸುವುದಾದರೆ ಬಿಂದುವಿನ ನಂತರ ಕಡಿಮೆ ಎಂದರೂ ಐದು ಸ್ಥಾನ ಉಳಿಸಿಕೊಳ್ಳಿ. ಐದನೆಯದು ಒಂದು ಮೀಟರಿನ ಮಾತು. ನಾಲ್ಕಕ್ಕೇ ನಿಲ್ಲಿಸಿದರೆ ಒಂದೊಂದು ಹೆಜ್ಜೆಯೂ ಹನ್ನೊಂದು ಮೀಟರ್. ಕನ್ವರ್ಟರನ್ನು ನಾನು ಈಗ ಬಳಸುವುದು ಉತ್ತರ ತಾಳೆ ನೋಡಲು ಮಾತ್ರ.

ಎಕ್ಸೆಲ್ ಹಾಳೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೂತ್ರ ತುಂಬಿದ ರೆಡಿ ಹಾಳೆಗಳು ಸಿಗುತ್ತವೆ, ನೆಟ್ ಬೇಕಿಲ್ಲ, ಒಂದೇ ಸಲ ನೂರು ಮೂಲೆ ಬದಲಾಯಿಸಬಹುದು. ಆದರೆ ಯಾವ ಸೆಲ್‌ನಲ್ಲಿ ಯಾವ ಭೂಗೋಳದ ಅಳತೆ ಅಡಗಿದೆ ಅಂತ ಬಿಡಿಸಿ ನೋಡುವವರೆಗೂ ನಂಬುವಂತಿಲ್ಲ. ಅಷ್ಟು ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ ಕ್ಯುಜಿಐಎಸ್ ಕಲಿಯಬಹುದು, ಅಲ್ವಾ?

ಕ್ಯುಜಿಐಎಸ್ ನಕ್ಷೆ ಕೆಲಸದ ಉಚಿತ ಸಾಫ್ಟ್‌ವೇರ್. ಸಾಧಾರಣ ಲ್ಯಾಪ್‌ಟಾಪ್ ಸಾಕು. ಶೀಟಿನ ಅಂಕಿಯನ್ನು ಮೂರು ಕಾಲಂನಲ್ಲಿ ಟೈಪ್ ಮಾಡಿ ಸಿಎಸ್‌ವಿ ಆಗಿ ಉಳಿಸಿ: ಕಲ್ಲಿನ ಹೆಸರು, ಈಸ್ಟಿಂಗ್, ನಾರ್ದಿಂಗ್. ಅದನ್ನು ತೆರೆಯುವಾಗ ಇಪಿಎಸ್‌ಜಿ 32643 ಅಂತ ಹೇಳಿ. ಡಬ್ಲ್ಯುಜಿಎಸ್ 84, ಯುಟಿಎಂ 43 ಉತ್ತರಕ್ಕೆ ಅದೇ ನಂಬರ್. ಹಿಂದೆ ಉಪಗ್ರಹ ಚಿತ್ರ ಹಾಕಿಕೊಂಡರೆ ಮೂಲೆಗಳು ನಿಮ್ಮ ಬದುವಿನ ಮೇಲೆ ಬಿದ್ದಿವೆಯೋ, ಘಟಪ್ರಭೆಯ ನಡುವೆ ಬಿದ್ದಿವೆಯೋ ಕಣ್ಣಿಗೇ ಕಾಣುತ್ತದೆ. ಈಸ್ಟಿಂಗ್, ನಾರ್ದಿಂಗ್ ಅದಲು ಬದಲಾಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಜಿಪಿಎಕ್ಸ್ ಫೈಲ್ ಆಗಿ ಉಳಿಸಿ, ಯುಎಸ್‌ಬಿ ತಂತಿ ಹಾಕಿ ಜಿಪಿಎಸ್‌ಗೆ ನಕಲು ಮಾಡಿ. ಜಿಪಿಎಕ್ಸ್ ಯಾವಾಗಲೂ ಡಬ್ಲ್ಯುಜಿಎಸ್ 84ರಲ್ಲೇ ಇರುತ್ತದೆ, ಗೊಂದಲಕ್ಕೆ ಜಾಗ ಇಲ್ಲ. ಕೈಯಿಂದ ಅಂಕಿ ಒತ್ತುವ ಕೆಲಸವೂ ಇಲ್ಲ. ಕಲಿಯಲು ಒಂದೆರಡು ಸಂಜೆ ಹೋಗುತ್ತದೆ ನಿಜ. ಹತ್ತಕ್ಕಿಂತ ಹೆಚ್ಚು ಮೂಲೆ ಇದ್ದರೆ ನಾನು ಬೇರೆ ದಾರಿ ಯೋಚಿಸುವುದೇ ಇಲ್ಲ.

ಈ ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಹಳೆಯ ಟೋಪೋ ಶೀಟಿನಲ್ಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಶೀಟುಗಳು, ಅಂದರೆ ಬಾಗಲಕೋಟೆ, ವಿಜಯಪುರದ 47 ಪಿ, ಬೆಳಗಾವಿಯ 48 ಐ ಸಾಲಿನವು, ಎವರೆಸ್ಟ್ ಹೆಸರಿನ 1830ರ ಭೂಗೋಳದ ಅಳತೆ ಮೇಲೆ ನಿಂತಿವೆ. ಅದರ ಆಧಾರ ಬಿಂದು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಶೀಟುಗಳು ಮಾತ್ರ ಡಬ್ಲ್ಯುಜಿಎಸ್ 84ರಲ್ಲಿವೆ. ಹಳೆಯ ಶೀಟಿನ ಅಕ್ಷಾಂಶ, ರೇಖಾಂಶವನ್ನು ಹಾಗೇ ಜಿಪಿಎಸ್‌ಗೆ ಹಾಕಿದರೆ ನಮ್ಮ ಭಾಗದಲ್ಲಿ ಅದು ನಿಮ್ಮನ್ನು ನಿಜವಾದ ಜಾಗದ ಆಗ್ನೇಯಕ್ಕೆ, ಸುಮಾರು 150 ಮೀಟರ್ ದೂರ ಒಯ್ದು ನಿಲ್ಲಿಸುತ್ತದೆ.

ಇಲ್ಲಿ ಸಾದಾ ಕನ್ವರ್ಟರ್ ಕೈಕೊಡುತ್ತದೆ. ಯಾವ ಡೇಟಮ್ ಅಂತ ಕೇಳದೆ ಡಬ್ಲ್ಯುಜಿಎಸ್ 84 ಅಂದುಕೊಂಡು ಲೆಕ್ಕ ಹಾಕುತ್ತದೆ, ಉತ್ತರ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ. ಜಿಪಿಎಸ್‌ನ ಡೇಟಮ್ ಪಟ್ಟಿಯಲ್ಲಿ ಇಂಡಿಯಾ ಹೆಸರಿನವು ಇರುತ್ತವೆ. ಬಾಂಗ್ಲಾದೇಶ, ಥಾಯ್ಲೆಂಡ್ ಅಂತ ಬಾಲ ಇದ್ದದ್ದು ನಮಗಲ್ಲ. ಹಳೆಯ ಡೇಟಮ್ ಬಿಟ್ಟು ಡಬ್ಲ್ಯುಜಿಎಸ್ 84ಕ್ಕೆ ಹೋಗಲು ಭಾರತ-ನೇಪಾಳಕ್ಕೆ ಪ್ರಕಟವಾಗಿರುವ ಬದಲಾವಣೆ ಅಂಕಿಗಳು, ಮೂರು ದಿಕ್ಕಿಗೆ ಒಂದೊಂದು, 295, 736, 257 ಮೀಟರ್. ಯೂಸರ್ ಡೇಟಮ್ ಇರುವ ಮಾಡೆಲ್‌ನಲ್ಲಿ ಇವನ್ನು ನಾವೇ ತುಂಬಬಹುದು, ಆದರೆ ಜೊತೆಗೆ ಭೂಗೋಳದ ಅಳತೆಯ ವ್ಯತ್ಯಾಸವನ್ನೂ ಹಾಕಬೇಕು. ಕ್ಯುಜಿಐಎಸ್‌ನಲ್ಲಿ ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146, ಅಂತ ಆರಿಸಿದರೆ ಇದೆಲ್ಲ ಒಳಗೇ ಆಗುತ್ತದೆ. ಹಳೆಯ ಶೀಟಿಗೆ ನನ್ನ ಓಟು ಪೂರ್ತಿ ಕ್ಯುಜಿಐಎಸ್‌ಗೆ.

ಹಾಗಂತ ಆಮೇಲೂ ಕಲ್ಲಿನ ಮೇಲೆ ಕಾಲಿಡುತ್ತೀರಿ ಅಂದುಕೊಳ್ಳಬೇಡಿ. ಆ ಮೂರು ಅಂಕಿಗಳಿಗೇ ಹತ್ತು ಹದಿನೈದು ಮೀಟರ್ ಹೆಚ್ಚು ಕಡಿಮೆ ಇದೆ. 50 ಸಾವಿರಕ್ಕೆ ಒಂದು ಪ್ರಮಾಣದ ಕಾಗದದ ಮೇಲೆ ಅರ್ಧ ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್. ಹಳೆಯ ಬಾವಿ, ಗುಡಿ, ಹಳ್ಳದ ತಿರುವು ಹುಡುಕಲು ಸಾಕು. ಹದ್ದಿಗೆ ಅಲ್ಲ.

ಟೋಟಲ್ ಸ್ಟೇಷನ್‌ನ 1000, 1000 ಅಂಕಿಗೆ ಯಾವ ಕನ್ವರ್ಟರ್ರೂ ಕೆಲಸ ಮಾಡುವುದಿಲ್ಲ. ಅದಕ್ಕೆ ಭೂಮಿಯ ಮೇಲೆ ವಿಳಾಸವೇ ಇಲ್ಲ. ಹೊಲದಲ್ಲಿ ಇನ್ನೂ ಉಳಿದಿರುವ ಎರಡು ಕಲ್ಲು ಬೇಕು, ಒಂದಕ್ಕೊಂದು ಆದಷ್ಟು ದೂರ ಇರಬೇಕು. ಪ್ರತಿ ಕಲ್ಲಿನ ಮೇಲೆ ಜಿಪಿಎಸ್ ಇಟ್ಟು ವೇಪಾಯಿಂಟ್ ಆ್ಯವರೇಜಿಂಗ್ (ಹಲವು ಓದಿನ ಸರಾಸರಿ) ಮಾಡಿ, ಸಾಧ್ಯವಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಮೇಲೆ ಕ್ಯುಜಿಐಎಸ್‌ನ ಜಿಯೊರೆಫರೆನ್ಸರ್‌ನಲ್ಲಿ ಹೆಲ್ಮರ್ಟ್ ಆರಿಸಿ ಇಡೀ ನಕ್ಷೆಯನ್ನು ಆ ಎರಡು ಬಿಂದುವಿಗೆ ತಿರುಗಿಸಿ ಕೂರಿಸಿ. ಲೀನಿಯರ್ ಆರಿಸಿದರೆ ನಕ್ಷೆ ತಿರುಗುವುದಿಲ್ಲ. ಮುಂದೆ ಹೋಗುವ ಮೊದಲು ಶೀಟಿನಲ್ಲಿ ಆ ಎರಡು ಕಲ್ಲುಗಳ ನಡುವಿನ ದೂರ ಎಷ್ಟು, ಜಿಪಿಎಸ್ ಎಷ್ಟು ಹೇಳುತ್ತದೆ ಅಂತ ತಾಳೆ ನೋಡಿ. 200 ಮೀಟರಿಗೆ ಐದಾರು ಮೀಟರ್ ಫರಕು ಬಂದರೆ ಮತ್ತೆ ಆ್ಯವರೇಜ್ ಮಾಡಿ. ಎತ್ತರದ ಕಬ್ಬಿನ ಒಳಗೆ ನಿಂತು ಓದಿದ ಅಂಕಿಗೆ ಈ ಫರಕು ಸಾಮಾನ್ಯ. ಕಟಾವು ಆದ ಮೇಲೆ ಹೋಗುವುದೇ ಒಳ್ಳೆಯದು.

ಟಿಪ್ಪಣಿಯ ವಿಷಯ ಬೇಗ ಮುಗಿಯುತ್ತದೆ. ಮುಂಬೈ ಪ್ರಾಂತ್ಯದ ಕಾಲದ ಅಳತೆಯಲ್ಲಿ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಮೀಟರಿನಲ್ಲಿ 10.0584. ಒಂದು ಸರಪಳಿ ಚೌಕ ಎಂದರೆ ಒಂದು ಗುಂಟೆ. 12 ಸರಪಳಿ 6 ಆಣೆಯನ್ನು 12.6 ಅಂತ ಬರೆಯಬೇಡಿ. ಅದು 12.375, ಅಂದರೆ 124.47 ಮೀಟರ್. ಇವು ಅಳತೆಗಳು, ಜಾಗದ ಗುರುತಲ್ಲ. ಒಂದು ಕಲ್ಲು ಸಿಕ್ಕರೆ ಅಲ್ಲಿಂದ ಟೇಪ್ ಹಿಡಿದು ಅಳೆಯುವುದು ಜಿಪಿಎಸ್‌ಗಿಂತ ಎಷ್ಟೋ ವಾಸಿ. ಬಯಲಲ್ಲೂ ಕೈ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಆಗುತ್ತದೆ. ಅದೇ ಅರ್ಧ ಸರಪಳಿ ಆಯಿತು!

"ಆ ಮಶೀನ್ ನಂಬಿ ಕಲ್ಲು ಕಿತ್ತಗಿತ್ತೀ ತಮ್ಮಾ" ಅಂತ ನಮ್ಮ ಕಾಕಾ ಈಗಲೂ ಹೇಳುತ್ತಾರೆ. ಸರಿಯಾದ ಮಾತೇ. ಜಿಪಿಎಸ್ ಎಲ್ಲಿ ಅಗೆದು ನೋಡಬೇಕು ಅಂತ ತೋರಿಸುತ್ತದೆ, ಅಷ್ಟೇ. ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ಕಾರಿ ಸರ್ವೇಯರ್ ಬಂದು ಅಳೆಯಬೇಕು. ಪಕ್ಕದ ಹೊಲದವರಿಗೆ ನಿಮ್ಮ ಇಟ್ರೆಕ್ಸ್ ಪರದೆ ತೋರಿಸಿ ವಾದ ಮಾಡಬೇಡಿ.

ಬೀಳಗಿ ಕಡೆಯವರು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ ಎತ್ತರದ್ದು. ಆಲಮಟ್ಟಿ ಹಿನ್ನೀರು ಈಗ ನಿಲ್ಲುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತಿದೆ. ನಮ್ಮ ಹೊಲ ಯಾವ ಗೆರೆಯ ಒಳಗೆ ಬರುತ್ತದೆ ಅಂತ ಜಿಪಿಎಸ್‌ನಲ್ಲಿ ನೋಡಬಹುದಾ? ಎರಡು ಗೆರೆಗಳ ನಡುವೆ ಐದು ಮೀಟರೂ ಇಲ್ಲ. ಕೈ ಜಿಪಿಎಸ್‌ನ ಎತ್ತರದ ಅಂಕಿ ಅಡ್ಡ ದಿಕ್ಕಿನ ಅಂಕಿಗಿಂತ ಇನ್ನೂ ಜಾಸ್ತಿ ತೂಗಾಡುತ್ತದೆ. ಅದರ ಮೇಲೆ ಉಪಗ್ರಹ ಲೆಕ್ಕದ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ನಮ್ಮ ಕಡೆ ಹತ್ತಾರು ಮೀಟರ್ ವ್ಯತ್ಯಾಸ ಇದೆ. ಅದನ್ನು ಜಿಪಿಎಸ್ ಒಂದು ಅಂದಾಜು ಮಾದರಿ ಇಟ್ಟುಕೊಂಡು ಸರಿಪಡಿಸುತ್ತದೆ. ಮೇಲೆ ಹೇಳಿದ ಯಾವ ದಾರಿಯೂ ಇದಕ್ಕೆ ಆಗುವುದಿಲ್ಲ. ಎತ್ತರ ಗೊತ್ತಿರುವ ಹತ್ತಿರದ ಗುರುತಿನಿಂದ, ಅಂದರೆ ಬೆಂಚ್ ಮಾರ್ಕ್‌ನಿಂದ ಲೆವೆಲ್ ಯಂತ್ರ ಹಿಡಿದು ಬರುವವರನ್ನೇ ಕರೆಸಬೇಕು.